ಬಿಡುಗಡೆ: ಯಾವುದರಿಂದ, ಯಾರಿಂದ?

ನಮ್ಮ ಕಾರ್ಲ್‌ಸ್ಟಾಡ್‌ನ ದೊಡ್ಡ ಚರ್ಚು 1730ರದು, ಲೂಥರನ್ ಪಂಥದ್ದು. ಮುಕ್ತಿಗೆ ಅಲ್ಲಿನ ಸ್ವೀಡಿಷ್ ಪದ ‘ಫ್ರೆಲ್ಸ್‌ನಿಂಗ್’. ಅದರ ಮೂಲಾರ್ಥ ‘ಬಂಧನವಿಲ್ಲದ ಕೊರಳು’, ಅಂದರೆ ದಾಸ್ಯ ಕಳಚಿದ ಸ್ಥಿತಿ. ನಮ್ಮ ‘ಮೋಕ್ಷ’ವೂ ಬಿಡಿಸು ಎಂಬರ್ಥದ ‘ಮುಚ್’ ಧಾತುವಿನದೇ. ಎರಡೂ ಬಿಡುಗಡೆಯೇ, ಕಟ್ಟಿದ ಹಗ್ಗ ಮಾತ್ರ ಬೇರೆ. ಕ್ರೈಸ್ತರಿಗೆ ಅದು ದೇವರಿಂದ ದೂರ ಮಾಡಿದ ಪಾಪ, ಶಂಕರರಿಗೆ ಅವಿದ್ಯೆ. ಹಾಗಾಗಿ ಅಲ್ಲಿ ಕ್ಷಮೆ ಬೇಕು, ಇಲ್ಲಿ ಜ್ಞಾನ ಬೇಕು.

ಹಾಗಾದರೆ ಕೃಪೆ ನಮ್ಮಲ್ಲಿಲ್ಲವೇ? ಇದೆ. ಶ್ರೀವೈಷ್ಣವರಲ್ಲಿ ವಡಗಲೆಯವರು ಕೋತಿಮರಿಯನ್ನು ತೋರಿಸುತ್ತಾರೆ: ತಾಯಿಯನ್ನು ಅದೇ ಅಪ್ಪಿ ಹಿಡಿಯಬೇಕು. ತೆಂಗಲೆಯವರದು ಬೆಕ್ಕಿನಮರಿ: ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಮುಕ್ತಿ ಸತ್ಕಾರ್ಯದಿಂದಲ್ಲ, ಕೃಪೆಯಿಂದ, ನಂಬಿಕೆಯ ಮೂಲಕ ಎಂದ ಲೂಥರ್ ಈ ಬೆಕ್ಕಿನಮರಿಗೆ ಹತ್ತಿರ. ಹರಿಪ್ರಸಾದವಿಲ್ಲದೆ ಮುಕ್ತಿಯಿಲ್ಲ ಎಂಬುದು ಮಧ್ವರ ಮತವೂ ಹೌದು.

ಆದರೂ ಎರಡೂ ಒಂದೇ ಎನ್ನಲಾಗದು. ಅವರಿಗೆ ಬಾಳು ಒಂದೇ, ಯೇಸುವಿನ ಬಲಿದಾನವೂ ಒಂದೇ ಸಲ. ನಮಗೆ ಕರ್ಮ, ಪುನರ್ಜನ್ಮಗಳ ಸರಪಳಿ. ಶಾಲೆಯಿಂದ ಬಂದ ಮಗು “ಅಮ್ಮಾ, ನಮಗೂ ಫ್ರೆಲ್ಸ್‌ನಿಂಗ್ ಇದೆಯಾ?” ಎಂದರೆ, “ಎಲ್ಲ ಒಂದೇ ಕಣೋ” ಎಂದು ಸಾಗಹಾಕಬೇಡಿ. ಬಿಡುಗಡೆ ಯಾವುದರಿಂದ, ಬಿಡಿಸುವವರು ಯಾರು ಎಂದು ಜೊತೆಗೆ ಕೂತು ವಿಚಾರಿಸಿ. ನೆರೆಯವರ ನಂಬಿಕೆಯೂ ತಿಳಿಯುತ್ತದೆ, ನಮ್ಮದೂ ತಿಳಿಯುತ್ತದೆ.