ಮುರಿದ ಕಾಲಿನ ಲೆಕ್ಕ

ರಸ್ತೆ ಅಪಘಾತದ ಗಾಯಾಳುವಿಗೆ ಕೊಡುವ ಪರಿಹಾರದಲ್ಲಿ ಎರಡು ಪಾಲು. ಆಸ್ಪತ್ರೆ ಬಿಲ್ಲು, ಔಷಧಿ, ಓಡಾಟ, ಮಲಗಿದ್ದ ತಿಂಗಳುಗಳ ದುಡಿಮೆ, ಮುಂದೆ ಕೈತಪ್ಪುವ ಗಳಿಕೆ ಒಂದು ಪಾಲು. ನೋವು, ಯಾತನೆ, ಮೊದಲಿನಂತೆ ಬದುಕಲಾಗದ ನಷ್ಟ ಇನ್ನೊಂದು. ನೋವಿಗೆ ಅಂದಾಜೇ ಗತಿ. ಬಿಲ್ಲುಗಳನ್ನು ಕೂಡಿಸಿದರಾಯಿತು. ಮುಂದಿನ ಗಳಿಕೆಯ ಲೆಕ್ಕ ಮಾತ್ರ ಒಂದು ಹದಕ್ಕೆ ಬರಲು ದಶಕಗಳೇ ಹಿಡಿದವು.

ಅದರ ಬೇರು ಸಾವಿನ ಪ್ರಕರಣಗಳಲ್ಲಿದೆ. 1846ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಗಾಯಗೊಳಿಸಿದವನು ದುಡ್ಡು ತೆರಬೇಕಿತ್ತು; ಗಾಯಾಳು ಸತ್ತೇಹೋದರೆ ಹೆಂಡತಿ ಮಕ್ಕಳು ದಾವೆ ಹೂಡುವಂತಿರಲಿಲ್ಲ. ಆ ವರ್ಷದ ಕಾಯ್ದೆ ಈ ವಿಚಿತ್ರವನ್ನು ತೊಡೆಯಿತು. 1855ರಲ್ಲಿ ಭಾರತಕ್ಕೂ ಅಂಥದೇ ಕಾನೂನು ಬಂತು. ಎಷ್ಟು ಕೊಡಬೇಕೆಂಬುದಕ್ಕೆ ದಾರಿ ಸಿಕ್ಕಿದ್ದು 1942ರಲ್ಲಿ, ಗಣಿ ಕಾರ್ಮಿಕರ ಸಾವಿನ ಪ್ರಕರಣದಲ್ಲಿ ಲಾರ್ಡ್ ರೈಟ್ ಬರೆದ ತೀರ್ಪಿನಿಂದ: ವರ್ಷದ ನಷ್ಟವನ್ನು ಒಂದು ಗುಣಕದಿಂದ ಗುಣಿಸುವುದು. ಉಳಿದ ದುಡಿಮೆಯ ವರ್ಷಗಳಷ್ಟೇ ಗುಣಕ ಇರುವುದಿಲ್ಲ. ಇಡೀ ಹಣ ಇಂದೇ ಕೈಸೇರಿ ಬಡ್ಡಿ ತರುತ್ತದೆ. ಅಪಘಾತವಾಗದಿದ್ದರೂ ಕಾಯಿಲೆ ಕಸಾಲೆ ತಪ್ಪುತ್ತಿರಲಿಲ್ಲ. ಹಾಗಾಗಿ ಅದನ್ನು ಇಳಿಸುತ್ತಾರೆ.

ಭಾರತದಲ್ಲಿ ಮೋಟಾರು ಅಪಘಾತಗಳಿಗೆಂದೇ ನ್ಯಾಯಮಂಡಳಿಗೆ ಅವಕಾಶವಾದದ್ದು 1956ರ ತಿದ್ದುಪಡಿಯಿಂದ. ಆಮೇಲೂ ಒಂದೊಂದು ಕಡೆ ಒಂದೊಂದು ಲೆಕ್ಕ. 1994ರಲ್ಲಿ ಸುಪ್ರೀಂ ಕೋರ್ಟ್ ಗುಣಕ ಪದ್ಧತಿಯನ್ನೇ ಹಿಡಿಯಬೇಕೆಂದಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ಒಂದು ಕೋಷ್ಟಕ ಸೇರಿಸಿತು. ಅದರಲ್ಲಿ 3,000ವನ್ನು 15ರಿಂದ ಗುಣಿಸಬೇಕಾದ ಕಡೆ ಉತ್ತರ 60,000 ಎಂದಿತ್ತು! 45,000 ಆಗಬೇಕಿತ್ತಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಮಗ್ಗಿ ಒಪ್ಪಿಸಬೇಕಾಯಿತು.

ಈ ಗೊಂದಲಕ್ಕೆ ತೆರೆ ಎಳೆದದ್ದು 2009ರ ಸರಳಾ ವರ್ಮಾ ತೀರ್ಪು. ಬರೆದವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. 15ರಿಂದ 25ರ ವಯಸ್ಸಿಗೆ ಗುಣಕ 18. 31ರಿಂದ 35ಕ್ಕೆ 16. 65 ದಾಟಿದವರಿಗೆ 5. ಮೃತನ ಆದಾಯದಲ್ಲಿ ಅವನ ಸ್ವಂತ ಖರ್ಚೆಂದು ಒಂದು ಪಾಲು ಕಳೆಯುತ್ತಾರೆ. ಗಾಯಾಳು ಬದುಕಿದ್ದಾನೆ, ಉಣ್ಣುತ್ತಾನೆ. ಅವನ ಲೆಕ್ಕದಲ್ಲಿ ಆ ಕಡಿತವಿಲ್ಲ.

ಗಾಯಾಳುವಿನ ಲೆಕ್ಕದ ನಿಜವಾದ ತೊಡಕು ಗುಣಕದಲ್ಲಿಲ್ಲ, ಶೇಕಡಾವಾರಿನಲ್ಲಿದೆ. ಕಾಲು ಮುರಿದ 32ರ ಹರೆಯದ ಗಾರೆ ಕೆಲಸದವನನ್ನೇ ತೆಗೆದುಕೊಳ್ಳಿ. ತಿಂಗಳ ದುಡಿಮೆ 15,000 ರೂಪಾಯಿ. 12ರಿಂದಲೂ 16ರಿಂದಲೂ ಗುಣಿಸಿದರೆ 28,80,000. ಆ ಕಾಲಿಗೆ ಶೇ 45ರಷ್ಟು ವೈಕಲ್ಯವೆಂದು ವೈದ್ಯರ ಪ್ರಮಾಣಪತ್ರ. ಕರ್ನಾಟಕದ ರೂಢಿಯಂತೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 15 ಹಿಡಿದರೆ 4,32,000 ರೂಪಾಯಿ. ಸಾರುವೆ ಹತ್ತಲಾಗದವನು ಗಾರೆ ಕೆಲಸ ಮಾಡುವುದು ಹೇಗೆ ಎಂದು ನ್ಯಾಯಾಧೀಶರು ಶೇ 30 ಹಿಡಿದರೆ ಮೊತ್ತ 8,64,000. ಅದೇ ಗಾಯ ಮೇಜಿನ ಮುಂದೆ ಕೂರುವ ಗುಮಾಸ್ತನಿಗಾಗಿದ್ದರೆ ಸಂಬಳ ಕುಗ್ಗದೆಯೂ ಇರಬಹುದು. ವೈದ್ಯರು ಹೇಳುವುದು ಅಂಗದ ಊನ. ಗಳಿಕೆಯ ಊನವನ್ನು ನ್ಯಾಯಮಂಡಳಿಯೇ ಕಸುಬು ನೋಡಿ ಅಳೆಯಬೇಕು. 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಬರೆದವರೂ ರವೀಂದ್ರನ್ ಅವರೇ.

ಆದಾಯಕ್ಕೆ ದಾಖಲೆ ಇಲ್ಲದ ಕೂಲಿಕಾರರಿಗೆ ಅಪಘಾತದ ವರ್ಷ ನೋಡಿ ಒಂದು ಕಾಲ್ಪನಿಕ ಆದಾಯ ಹಿಡಿಯುತ್ತಾರೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುವುದಕ್ಕೂ ಅಡ್ಡಿಯಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಒಮ್ಮೆ ಐತೀರ್ಪು ಹೊರಬಿದ್ದ ಮೇಲೆ ಹೊಸ ಚಿಕಿತ್ಸೆಯ ಹೆಸರಿನಲ್ಲಿ ಮತ್ತೆ ಬರುವಂತಿಲ್ಲ ಎಂಬುದೂ ಅದೇ ತೀರ್ಪಿನ ಮಾತು. ಕಾಲಿನೊಳಗಿನ ರಾಡು ತೆಗೆಸುವ ಖರ್ಚನ್ನೂ ಮೊದಲ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.