ಅಟ್ಟದ ಮೇಲಿನ ವಿಕ್ಟೋರಿಯಾ ತಟ್ಟೆಗಳು

ಬಳ್ಳಾರಿ, ಬೆಂಗಳೂರು ಎರಡೂ ಬ್ರಿಟಿಷರ ದೊಡ್ಡ ದಂಡುಗಳಿದ್ದ ಊರುಗಳು. ಕಲ್ಯಾಣದುರ್ಗ, ಹಿಂದೂಪುರ ಇರುವುದು ಇವೆರಡರ ನಡುವಿನ ಸೀಮೆಯಲ್ಲಿ. 1882ರವರೆಗೆ ಈ ಸೀಮೆಯ ಅನಂತಪುರ ಪ್ರತ್ಯೇಕ ಜಿಲ್ಲೆಯೂ ಆಗಿರಲಿಲ್ಲ, ಬಳ್ಳಾರಿಗೇ ಸೇರಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ದಂಡಿನ ಬಂಗಲೆಗಳಿಗೆ ಹಡಗೇರಿ ಬಂದ ಚಿತ್ತಾರದ ಪಿಂಗಾಣಿ ತಟ್ಟೆಗಳು, ಸಾಹೇಬರು ಊರು ಬಿಡುವಾಗ ಹರಾಜಿನಲ್ಲಿ ಕೈ ಬದಲಾಯಿಸುತ್ತಿದ್ದವು. ಹಾಗಾಗಿ ಈ ಭಾಗದ ಹಳೆಯ ಮನೆಯೊಂದರ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಮಡಿ ಪಾಲಿಸುವ ಅಡುಗೆಮನೆಯೊಳಗೆ ಪಿಂಗಾಣಿಗೆ ಜಾಗವಿರಲಿಲ್ಲ. ಬಳಕೆಯಾಗದೆ ಉಳಿದದ್ದೇ ಅದರ ಪುಣ್ಯ ಎನ್ನಬೇಕು. ಹಿಂದೂಪುರದ ಹತ್ತಿರದ ಲೇಪಾಕ್ಷಿಯ ಬಂಡೆಯಲ್ಲಿ ಕೊರೆದ ತಟ್ಟೆಗಳನ್ನು ಬೆರಗಿನಿಂದ ನೋಡುವ ನಾವು, ಮನೆಯ ಪಿಂಗಾಣಿಯನ್ನು ಗುಜರಿಯವನಿಗೆ ಕೊಟ್ಟುಬಿಡುತ್ತೇವೆ. ಇದು ತಪ್ಪಬೇಕು.

ಇಂಥ ತಟ್ಟೆಗಳ ತವರು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್. ಚಿತ್ರವನ್ನು ಮೊದಲು ತಾಮ್ರದ ಹಲಗೆಯಲ್ಲಿ ಕೊರೆಯುತ್ತಿದ್ದರು. ಅದಕ್ಕೆ ಕೋಬಾಲ್ಟ್ ನೀಲಿ ಬಳಿದು ತೆಳು ಕಾಗದದ ಮೇಲೆ ಅಚ್ಚೊತ್ತಿ, ಆ ಕಾಗದವನ್ನು ಒಮ್ಮೆ ಸುಟ್ಟ ತಟ್ಟೆಗೆ ಒತ್ತಿ ಹಿಡಿದು ಉಜ್ಜುತ್ತಿದ್ದರು. ಕಾಗದ ತೊಳೆದುಹೋಗುತ್ತಿತ್ತು, ಬಣ್ಣ ಉಳಿಯುತ್ತಿತ್ತು. ಅದರ ಮೇಲೆ ಗಾಜಿನ ಲೇಪ ಕೊಟ್ಟು ಮತ್ತೆ ಸುಡುವುದು. ಅಂಚಿನ ಹೂಬಳ್ಳಿಯ ಉದ್ದಕ್ಕೂ ಬೆರಳಾಡಿಸುತ್ತ ಹೋಗಿ: ಒಂದು ಕಡೆ ಬಳ್ಳಿ ತುಂಡಾಗಿರುತ್ತದೆ, ಅರ್ಧ ಎಲೆ ಇನ್ನೊಂದು ಎಲೆಯ ಮೇಲೆ ಕೂತಿರುತ್ತದೆ. ಕಾಗದದ ಎರಡು ತುದಿ ಕೂಡಿದ ಜಾಗ ಅದು. ಆ ಕೂಡು ಕಂಡರೆ ಕೈಯಿಂದ ಮಾಡಿದ ಕೆಲಸವೆಂದು ಹೆಚ್ಚುಕಡಿಮೆ ನಂಬಬಹುದು.

ವಿಕ್ಟೋರಿಯಾ ಪಟ್ಟಕ್ಕೆ ಬರುವ ಮೊದಲೇ, 1815ರ ಸುಮಾರಿಗೆ, ಸ್ಟಾಫರ್ಡ್‌ಶೈರ್‌ನ ಸ್ಪೋಡ್ ಕಾರ್ಖಾನೆ ಭಾರತದ ಬೇಟೆಯ ದೃಶ್ಯಗಳನ್ನೇ ನೀಲಿಯಲ್ಲಿ ಅಚ್ಚು ಹಾಕಿತ್ತು. ನಮ್ಮ ಹುಲಿ, ಆನೆಗಳು ಅಲ್ಲಿನವರ ಊಟದ ಮೇಜಿನ ಮೇಲಿದ್ದವು.

ಸಂಗ್ರಾಹಕರು ಮೊದಲು ನೋಡುವುದು ತಟ್ಟೆಯ ಬೆನ್ನು. ವಜ್ರಾಕೃತಿಯ ಮುದ್ರೆಯಿದ್ದರೆ ಆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದದ್ದು. 1884ರಿಂದ ಬರಿ ನೋಂದಣಿ ಸಂಖ್ಯೆ. ಅಮೆರಿಕದ ಸುಂಕ ಕಾಯ್ದೆಯ ಕಾರಣ 1891ರಿಂದ ‘ಇಂಗ್ಲೆಂಡ್’ ಎಂಬ ಪದ ಸೇರಿಕೊಂಡಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 20ನೇ ಶತಮಾನದ ಮಾಲು. ಲೇಪದ ಮೇಲಿನ ಜೇಡರಬಲೆಯಂಥ ಬಿರುಕುಗಳನ್ನು ಮಾತ್ರ ನೆಚ್ಚಬೇಡಿ, ಹೊಸ ತಟ್ಟೆಗೂ ಅವನ್ನು ಬರಿಸಬಲ್ಲವರಿದ್ದಾರೆ.

ಕಣ್ಣು ಪಳಗಬೇಕಾದರೆ ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋಗಿ. 1951ರಲ್ಲಿ ತೆರೆದ ಈ ಸಂಗ್ರಹದಲ್ಲಿ ಯುರೋಪಿನ ಪಿಂಗಾಣಿಗೇ ಪ್ರತ್ಯೇಕ ವಿಭಾಗವಿದೆ.

ಹಳೆಯ ಲೇಪದಲ್ಲಿ ಸೀಸ ಇರಬಹುದು. ಹುಳಿ, ಉಪ್ಪಿನಕಾಯಿ ಬಡಿಸಬೇಡಿ, ಗೋಡೆಗಷ್ಟೇ ಇರಲಿ. ಅಂಚು ಕಚ್ಚುವ ಬರಿ ತಂತಿಯಲ್ಲಿ ತೂಗುಹಾಕಲೂಬೇಡಿ. ಇನ್ನೊಂದು ಮಾತು: 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ಕುಶಲವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅಜ್ಜಿಯ ಕಾಲದ ತಟ್ಟೆಯನ್ನು ಅಮೆರಿಕದ ಮಗಳ ಮನೆಗೆ ಒಯ್ಯುವ ಆಸೆಯಿದ್ದರೆ, ಪೆಟ್ಟಿಗೆ ಕಟ್ಟುವ ಮೊದಲು ಪುರಾತತ್ವ ಇಲಾಖೆಯನ್ನು ವಿಚಾರಿಸಿ.