ಸಂದೇಶ ಹೋಗದೇ? ಮೊದಲು ಕೊಂಡಿ ಹುಡುಕಿ

ದಾಬಸ್‌ಪೇಟೆಯಂಥ ಊರಿನಲ್ಲೂ ಇಂದು ಶಾಲೆಯ ಸೂಚನೆ, ಟ್ಯೂಷನ್ ಟಿಪ್ಪಣಿ, ಹಾಸ್ಟೆಲಿನಲ್ಲಿರುವ ಮಗಳ ಕ್ಷೇಮಸಮಾಚಾರ ಎಲ್ಲವೂ ಬರುವುದು ವಾಟ್ಸ್ಆ್ಯಪ್‌ನಲ್ಲೇ. ಪರೀಕ್ಷೆಯ ಹಿಂದಿನ ರಾತ್ರಿ ಅದು ‘ಕನೆಕ್ಟಿಂಗ್’ ಎಂದು ನಿಂತುಬಿಟ್ಟರೆ ಮನೆಯಲ್ಲಿ ಗಾಬರಿ. ಮಗ ಆ್ಯಪ್ ಅಳಿಸಿ ಮತ್ತೆ ಹಾಕಲು ಹೊರಡುತ್ತಾನೆ. ಅಪ್ಪ ವೈಫೈ ಪೆಟ್ಟಿಗೆಯ ಹಿಂದಿನ ರಂಧ್ರಕ್ಕೆ ಪಿನ್ನು ಚುಚ್ಚುತ್ತಾರೆ. ಎರಡೂ ಆತುರದ ಕೆಲಸ. ಬ್ಯಾಕಪ್ ಇಲ್ಲದೆ ಅಳಿಸಿದರೆ ಹಳೆಯ ಸಂದೇಶಗಳು ಹೋದಂತೆಯೇ. ಪಿನ್ನು ಚುಚ್ಚಿ ರೀಸೆಟ್ ಮಾಡಿದರೆ ಕಂಪನಿಯವರು ತುಂಬಿಸಿದ್ದ ಯೂಸರ್‌ನೇಮ್, ಪಾಸ್‌ವರ್ಡ್‌ಗಳೇ ಅಳಿಸಿಹೋಗಬಹುದು.

ಸಂದೇಶದ ದಾರಿಯಲ್ಲಿ ನಾಲ್ಕು ಕೊಂಡಿಗಳಿವೆ: ಫೋನು, ವೈಫೈ ಪೆಟ್ಟಿಗೆ, ಇಂಟರ್ನೆಟ್ ಕಂಪನಿಯ ತಂತಿ, ದೂರದ ಸರ್ವರ್. ಪ್ರಯೋಗಶಾಲೆಯಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುತ್ತೇವಲ್ಲವೇ? ಇಲ್ಲಿಯೂ ಅದೇ ನಿಯಮ.

ಮೊದಲು ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಸಂದೇಶ ಕಳಿಸಿ. ಹೋದರೆ ಫೋನು, ಸರ್ವರ್ ಎರಡೂ ಸರಿ. ದೋಷ ವೈಫೈ ದಾರಿಯಲ್ಲಿದೆ. ಹೋಗದಿದ್ದರೆ ಫೋನಿನ ದಿನಾಂಕ, ಸಮಯ ನೋಡಿ. ಸರ್ವರಿನ ಡಿಜಿಟಲ್ ಪ್ರಮಾಣಪತ್ರಕ್ಕೆ ವಾಯಿದೆ ಇರುತ್ತದೆ. ಫೋನಿನ ಗಡಿಯಾರ ತೀರಾ ತಪ್ಪಿದ್ದರೆ ಪ್ರಮಾಣಪತ್ರ ಅಸಿಂಧುವೆಂದು ತೋರಿ ಸಂಪರ್ಕ ಕಡಿಯುತ್ತದೆ. ನೆರೆಮನೆಯವರದೂ ನಿಂತಿದೆಯೇ ಎಂದೂ ಕೇಳಿ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್ಆ್ಯಪ್ ಜಗತ್ತಿನಾದ್ಯಂತ ಸುಮಾರು 6 ಗಂಟೆ ಸ್ತಬ್ಧವಾಗಿತ್ತು. ದೋಷ ಅದರ ಮಾತೃಸಂಸ್ಥೆಯ ಜಾಲದಲ್ಲಿತ್ತು. ಅಂದು ಮನೆಯಲ್ಲಿ ಏನು ತಿರುಗಿಸಿದ್ದರೂ ವ್ಯರ್ಥವೇ.

ದೋಷ ವೈಫೈ ಕಡೆಯದಾದರೆ, ಅದೇ ವೈಫೈನಲ್ಲಿ ಹೊಸದೊಂದು ಜಾಲಪುಟ ತೆರೆದು ನೋಡಿ. ಅದೂ ತೆರೆಯದಿದ್ದರೆ ಪೆಟ್ಟಿಗೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಇದು ರೀಸೆಟ್ ಅಲ್ಲ, ಸೆಟ್ಟಿಂಗ್ ಅಳಿಯುವುದಿಲ್ಲ. ಫೈಬರ್ ಸಂಪರ್ಕವಿದ್ದು ‘ಎಲ್ಓಎಸ್’ ದೀಪ ಕೆಂಪಗೆ ಮಿನುಗುತ್ತಿದ್ದರೆ ತಂತಿಯಲ್ಲಿ ಬೆಳಕು ಬರುತ್ತಿಲ್ಲವೆಂದರ್ಥ, ಕಂಪನಿಗೆ ತಿಳಿಸಿ.

ಪುಟ ತೆರೆದು ಸಂದೇಶ ಮಾತ್ರ ಹೋಗದಿದ್ದರೆ ಫೋನಿನಲ್ಲಿ ವಿಪಿಎನ್ ಚಾಲೂ ಇದೆಯೇ, ಪೆಟ್ಟಿಗೆಯಲ್ಲಿ ಮಕ್ಕಳಿಗಾಗಿ ನಿರ್ಬಂಧ ಹಾಕಿದ್ದೀರಾ ನೋಡಿ. ಸಂದೇಶ ಹೋಗಿ ಕರೆ ಮಾತ್ರ ಕೂಡದಿದ್ದರೆ ಬೆರಗಾಗಬೇಡಿ. ಎರಡೂ ಬೇರೆ ಬೇರೆ ವಿಧಾನದಲ್ಲಿ ಸಾಗುತ್ತವೆ. ಪೆಟ್ಟಿಗೆಯ ಫೈರ್‌ವಾಲ್ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಬಲ್ಲದು. ಹಾಗೆಂದು ಫೈರ್‌ವಾಲನ್ನೇ ಆರಿಸಬಾರದು. ಯಾವ ಸೆಟ್ಟಿಂಗ್ ಬದಲಿಸುವ ಮುನ್ನವೂ ಹಳೆಯದರ ಫೋಟೋ ತೆಗೆದಿಡಿ.

ಕೊನೆಯದಾಗಿ, ಸಹಾಯವಾಣಿಯ ಸಂಖ್ಯೆಯನ್ನು ಬಿಲ್ಲಿನಿಂದಲೇ ತೆಗೆದುಕೊಳ್ಳಿ. ವಾಟ್ಸ್ಆ್ಯಪ್‌ನ 6 ಅಂಕಿಯ ಸಂಕೇತವನ್ನು ಯಾರು ಕೇಳಿದರೂ ಹೇಳಬೇಡಿ. ಕೆಟ್ಟ ಸಂಪರ್ಕ ನಾಳೆ ಸರಿಹೋದೀತು. ಕಳೆದುಕೊಂಡ ಖಾತೆ ಮರಳಿ ಸಿಗುವುದು ಅಷ್ಟು ಸುಲಭವಲ್ಲ.